ಮುನ್ನೂರು ಯೆನ್ನಿನ ಬಿಳಿ ದೈತ್ಯ

ಜಪಾನಿನ ಶಿಜುವೊಕಾ ನಗರದ ರಸ್ತೆಬದಿಯಲ್ಲಿ ಒಂದು ಅಂಚೆ ಡಬ್ಬಿಯ ಸ್ಮಾರಕವಿದೆ. ಆಳೆತ್ತರದ ಚೌಕಟ್ಟು, ಅದರ ಕಡ್ಡಿಗಳಿಗೆ ಅಂಟಿಕೊಂಡಂತೆ ನಿಂತ ಡಬ್ಬಿಯ ಬಿಡಿಭಾಗಗಳು. ಯಾರಾದರೂ ಬಂದು ಒಂದೊಂದನ್ನೇ ಕತ್ತರಿಸಿ ಜೋಡಿಸಲಿ ಎಂದು ಕಾದು ನಿಂತ ಹಾಗೆ ಕಾಣುತ್ತದೆ. ಇದೇ ಬಗೆಯ ಟೆಲಿಫೋನ್ ಬೂತೂ ಆ ಊರಲ್ಲಿದೆ. ಪ್ಲಾಸ್ಟಿಕ್ ಮಾದರಿಯ ಕಿಟ್ಟನ್ನು ಒಮ್ಮೆಯಾದರೂ ಬಿಚ್ಚಿದವರಿಗೆ ಇದು ಏನೆಂದು ತಕ್ಷಣ ಹೊಳೆಯುತ್ತದೆ. ಬಿಡಿಭಾಗಗಳನ್ನು ಹಿಡಿದಿಟ್ಟುಕೊಳ್ಳುವ ಆ ಚೌಕಟ್ಟಿಗೆ ಮಾದರಿ ಕಟ್ಟುವವರ ಭಾಷೆಯಲ್ಲಿ ‘ರನ್ನರ್’ ಎಂದು ಹೆಸರು.

ಶಿಜುವೊಕಾ ಇಂಥ ಸ್ಮಾರಕಕ್ಕೆ ಹಕ್ಕುಳ್ಳ ಊರು. ಜಪಾನಿನ ಪ್ಲಾಸ್ಟಿಕ್ ಮಾದರಿಗಳಲ್ಲಿ ಬಹುಪಾಲು ತಯಾರಾಗುವುದು ಈ ಪ್ರಾಂತ್ಯದಲ್ಲೇ. ಹಿಂದೆ ಇಲ್ಲಿನ ಸೆಂಗೆನ್ ದೇಗುಲ ಕಟ್ಟಲು ಬಂದ ಮರಗೆಲಸದವರು ಇಲ್ಲೇ ನೆಲೆಸಿದರಂತೆ. ಊರಿನ ಮರಗೆಲಸದ ಹೆಸರು ಅಲ್ಲಿಂದ ಬೆಳೆಯಿತು ಎಂದು ಹೇಳುತ್ತಾರೆ. ಟಾಮಿಯಾ ಕಂಪನಿ 1946ರಲ್ಲಿ ಶುರುವಾದದ್ದು ಮರದ ವ್ಯಾಪಾರವಾಗಿ. ಮರದ ಹಡಗು, ಮರದ ವಿಮಾನಗಳ ಮಾದರಿ ಮಾಡುತ್ತಿದ್ದ ಆ ಸಂಸ್ಥೆ, ವಿದೇಶಿ ಪ್ಲಾಸ್ಟಿಕ್ ಕಿಟ್‌ಗಳ ಎದುರು ಮರ ನಿಲ್ಲದು ಎಂದು ಅರಿತು 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ ‘ಯಮಾಟೊ’ ಯುದ್ಧನೌಕೆಯನ್ನು ತಂದಿತು. ಬಂಡಾಯ್ ಎಂಬ ಆಟಿಕೆ ಕಂಪನಿ ಈ ಭಾಗಕ್ಕೆ ಕಾಲಿಟ್ಟದ್ದು 1969ರಲ್ಲಿ, ಮುಳುಗಿಹೋದ ಇಮಾಯ್ ಎಂಬ ಮಾದರಿ ಕಂಪನಿಯ ಕಾರ್ಖಾನೆಯನ್ನೂ ಅಚ್ಚುಗಳನ್ನೂ ಕೊಂಡುಕೊಂಡು. ಹನ್ನೊಂದು ವರ್ಷಗಳ ಬಳಿಕ ಆ ಬಂಡಾಯ್ ಹೊರತಂದ ಒಂದು ಪುಟ್ಟ ಪೆಟ್ಟಿಗೆ ಇಡೀ ಹವ್ಯಾಸದ ದಿಕ್ಕನ್ನೇ ಬದಲಿಸಿತು. ಅದರ ಬೆಲೆ 300 ಯೆನ್.

ಪೆಟ್ಟಿಗೆಯ ಕತೆಗೆ ಮೊದಲು ಒಂದು ಸೋಲಿನ ಕತೆ ಹೇಳಬೇಕು. 1979ರ ಏಪ್ರಿಲ್ 7ರ ಶನಿವಾರ ಸಂಜೆ ಜಪಾನಿನ ಟಿವಿಯಲ್ಲಿ ‘ಮೊಬೈಲ್ ಸೂಟ್ ಗನ್‌ಡಮ್’ ಎಂಬ ಕಾರ್ಟೂನ್ ಧಾರಾವಾಹಿ ಶುರುವಾಯಿತು. ನಿರ್ದೇಶಕ ಯೊಶಿಯುಕಿ ಟೊಮಿನೊ. ಯಂತ್ರಗಳ ವಿನ್ಯಾಸ ಕುನಿಯೊ ಒಕಾವಾರಾ ಅವರದು. ಅದುವರೆಗಿನ ರೋಬೋಟ್ ಕಾರ್ಟೂನುಗಳಲ್ಲಿ ರೋಬೋಟ್ ಎಂದರೆ ಒಬ್ಬ ವೀರ. ಪ್ರತಿ ವಾರ ಒಬ್ಬ ರಾಕ್ಷಸನನ್ನು ಕೊಂದು ಮನೆಗೆ ಮರಳುವವನು. ಟೊಮಿನೊ ಹೇಳಿದ ಕತೆಯಲ್ಲಿ ಅದು ಸೈನ್ಯದ ಸಾಮಾನು. ಭೂಮಿಯ ಒಕ್ಕೂಟಕ್ಕೂ ಅಂತರಿಕ್ಷದ ವಸಾಹತಾದ ಜಿಯಾನ್‌ಗೂ ಯುದ್ಧ. ಎರಡೂ ಕಡೆ ಸಾಯುವ ಮನುಷ್ಯರು, ಎರಡೂ ಕಡೆ ಕಾರ್ಖಾನೆಯಲ್ಲಿ ತಯಾರಾಗಿ, ಕೆಟ್ಟು, ರಿಪೇರಿಯಾಗಿ ಮತ್ತೆ ರಣಕ್ಕೆ ಹೋಗುವ ಯಂತ್ರಗಳು. ಶತ್ರುಗಳ ‘ಜಾಕು’ ರೋಬೋಟುಗಳಂತೂ ಜೀಪಿನ ಹಾಗೆ ಸಾಲುಸಾಲಾಗಿ ಬರುತ್ತಿದ್ದವು.

ನೋಡುಗರು ಕಡಿಮೆಯಿದ್ದರು. ಧಾರಾವಾಹಿಗೆ ಹಣ ಹಾಕಿದ್ದ ಕ್ಲೋವರ್ ಎಂಬ ಆಟಿಕೆ ಕಂಪನಿ ಚಿಕ್ಕ ಮಕ್ಕಳಿಗೆಂದು ಮಾಡಿದ ಗೊಂಬೆಗಳು ನಿರೀಕ್ಷಿಸಿದಂತೆ ಹೋಗಲಿಲ್ಲ. 52 ಕಂತುಗಳಿಗೆ ಯೋಜಿಸಿದ್ದನ್ನು ಮೊಟಕುಗೊಳಿಸಿ 43ಕ್ಕೆ, 1980ರ ಜನವರಿಯಲ್ಲಿ ಮುಗಿಸಲಾಯಿತು. ಕತೆ ಹೊಸದಾಗಿತ್ತು, ಆದರೆ ಅದರ ಗೊಂಬೆ ಹಳೆಯದಾಗಿಯೇ ಉಳಿದಿತ್ತು. ಧಾರಾವಾಹಿಯನ್ನು ನಿಜವಾಗಿ ಹಿಂಬಾಲಿಸುತ್ತಿದ್ದವರು ಪ್ರೌಢಶಾಲೆ, ಕಾಲೇಜಿನ ಹುಡುಗರು. ಅವರ ಕೈಗೆ ಎಳೆಯ ಮಕ್ಕಳ ಆಟಿಕೆ ಕೊಟ್ಟರೆ ಯಾರು ಕೊಳ್ಳುತ್ತಾರೆ? ಕ್ಲೋವರ್ 1983ರಲ್ಲಿ ದಿವಾಳಿಯಾಯಿತು.

ಆ ಹುಡುಗರಿಗೆ ಏನು ಬೇಕಿತ್ತು ಎಂದು ಕಂಡುಕೊಂಡದ್ದು ಬಂಡಾಯ್. 1980ರ ಜುಲೈಯಲ್ಲಿ ಗನ್‌ಡಮ್ ಪ್ಲಾಸ್ಟಿಕ್ ಕಿಟ್ ಅಂಗಡಿಗೆ ಬಂತು. ಧಾರಾವಾಹಿಯಲ್ಲಿ 18 ಮೀಟರ್ ಎತ್ತರದ ರೋಬೋಟು 144ರಲ್ಲಿ ಒಂದು ಪಾಲಾಗಿ, ಹನ್ನೆರಡೂವರೆ ಸೆಂಟಿಮೀಟರಾಗಿ ಅಂಗೈ ಮೇಲೆ ನಿಂತಿತು. 1/144 ಎಂಬುದು ವಿಮಾನದ ಮಾದರಿಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಅಳತೆ. ಈ ಸಣ್ಣ ಸಂಗತಿಯಲ್ಲೇ ದೊಡ್ಡದೊಂದು ಮಾತಿದೆ: ಇಲ್ಲದ ಯಂತ್ರಕ್ಕೆ ಇರುವ ಯಂತ್ರದ ಅಳತೆಗೋಲು ಹಿಡಿದು ನೋಡಲಾಯಿತು. ಈ ಮಾತು ಕೊಂಡವರಿಗೂ ತಟ್ಟಿತು.

ಇಂದಿನ ಕಣ್ಣಿಗೆ ಆ ಕಿಟ್ ಬಡವಾದದ್ದು. ಇಡೀ ಪೆಟ್ಟಿಗೆಯಲ್ಲಿ ಇದ್ದದ್ದು ಬಿಳಿ ಪ್ಲಾಸ್ಟಿಕ್ ಮಾತ್ರ, ಜೊತೆಗೆ ಅಂಟಿನ ಸಣ್ಣ ಪೊಟ್ಟಣ. ಎದೆಯ ನೀಲಿ, ಹೊಟ್ಟೆಯ ಕೆಂಪು, ಕೊಂಬಿನ ಹಳದಿ ಇವೆಲ್ಲ ಕೊಂಡವನೇ ಬಳಿದುಕೊಳ್ಳಬೇಕು. ಕೈಕಾಲುಗಳು ಅಷ್ಟಿಷ್ಟು ಆಡುತ್ತಿದ್ದವು. ಆದರೆ ಬಣ್ಣ ಬಳಿಯದೆ ಮುಗಿಯದ ಈ ಪೆಟ್ಟಿಗೆಯೇ ಜನರನ್ನು ಹಿಡಿದದ್ದು. ಟಾಮಿಯಾ ಟ್ಯಾಂಕುಗಳನ್ನು ಜೋಡಿಸಿ, ಚಕ್ರಕ್ಕೆ ಕೆಸರು, ಲೋಹಕ್ಕೆ ತುಕ್ಕು, ಅಂಚಿಗೆ ಸವಕಲು ಬಳಿಯುವ ಕಲೆ ಜಪಾನಿನ ಹವ್ಯಾಸಿಗಳಿಗೆ ಆಗಲೇ ಕರಗತವಾಗಿತ್ತು. ಅದೇ ಕೈಗಳು ಈಗ ಜಾಕುವಿನ ಹಸಿರು ಭುಜಕ್ಕೆ ಗುಂಡಿನ ಗುರುತು ಹಾಕಿದವು, ಮರಳುಗಾಡಿನಲ್ಲಿ ಕಾದಾಡಿದ ತುಕಡಿ ಇದು ಎಂದು ಧೂಳು ಹಿಡಿಸಿದವು. ಸೈನ್ಯದ ಸಾಮಾನು ಎಂಬ ಟೊಮಿನೊ ಕಲ್ಪನೆ ಟಿವಿ ಪರದೆಗಿಂತ ಹೆಚ್ಚು ನಂಬುವ ಹಾಗೆ ಈ ಹುಡುಗರ ಮೇಜಿನ ಮೇಲೆ ಕಂಡಿತು. ಗನ್‌ಡಮ್ ಮತ್ತು ಪ್ಲಾಸ್ಟಿಕ್ ಮಾಡೆಲ್ ಸೇರಿ ‘ಗನ್‌ಪ್ಲಾ’ ಎಂಬ ಹೊಸ ಶಬ್ದವೇ ಹುಟ್ಟಿತು.

1981ರಲ್ಲಿ ‘ಹಾಬಿ ಜಪಾನ್’ ಪತ್ರಿಕೆ ಗನ್‌ಡಮ್ ಕಟ್ಟುವುದು ಹೇಗೆಂದು ತಿಳಿಸುವ ವಿಶೇಷ ಸಂಚಿಕೆ ತಂದಿತು. ಅದರಲ್ಲಿ ಕೆಲಸ ಮಾಡಿದ ‘ಸ್ಟ್ರೀಮ್‌ಬೇಸ್’ ಎಂಬ ಹವ್ಯಾಸಿ ತಂಡದ ಕಟ್ಸುಮಿ ಕಾವಗುಚಿ ಮುಂದೆ ಬಂಡಾಯ್‌ಗೇ ಸೇರಿ, ‘ಮೇಯ್‌ಜಿನ್’ ಅಂದರೆ ನಿಪುಣ ಎಂಬ ಬಿರುದಿನಿಂದ ಹೆಸರಾದರು. ಅದೇ ವರ್ಷ ಧಾರಾವಾಹಿ ಚಲನಚಿತ್ರವಾಗಿ ಬಂದು ಗೆದ್ದಿತು. ಕಿಟ್‌ಗಳಿಗೆ ಅಂಗಡಿಗಳ ಮುಂದೆ ಸಾಲು ನಿಲ್ಲುವ ಕಾಲ ಬಂತು. 1982ರ ಜನವರಿಯಲ್ಲಿ ಚಿಬಾ ಪ್ರಾಂತ್ಯದ ಮಳಿಗೆಯೊಂದರಲ್ಲಿ ಗನ್‌ಪ್ಲಾ ಕೊಳ್ಳಲು ನುಗ್ಗಿದ ಮಕ್ಕಳು ಎಸ್ಕಲೇಟರ್ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಗಾಯಗೊಂಡ ದುರ್ಘಟನೆಯೂ ನಡೆಯಿತು. 1983ರ ಹೊತ್ತಿಗೆ ಬಂಡಾಯ್, ಟಿವಿಯಲ್ಲಿ ಬಾರದೇ ಇದ್ದ ರೋಬೋಟುಗಳ ಕಿಟ್‌ಗಳನ್ನೇ ಒಂದು ಸರಣಿಯಾಗಿ ತಂದಿತು. ಮರುಭೂಮಿಯ ಜಾಕು, ನೀರಿನಡಿಯ ಜಾಕು, ಯಾವುದೋ ಹೆಸರಾಂತ ಸೈನಿಕನ ಸ್ವಂತ ಬಣ್ಣದ ಜಾಕು ಎಂಬಂಥವು. ಜಾಕುವಿನ ಈ ಬಗೆಗಳನ್ನು ಮೊದಲು ಕಲ್ಪಿಸಿಕೊಂಡದ್ದು ಪತ್ರಿಕೆಗಳು, ಹವ್ಯಾಸಿಗಳು. ಕಂಪನಿ ಅವರ ಹಿಂದೆ ನಡೆಯಿತು. ಮುಗಿದುಹೋಗಿದ್ದ ಧಾರಾವಾಹಿಯನ್ನು ಇವತ್ತಿನವರೆಗೆ ಬದುಕಿಸಿದವರಲ್ಲಿ ಕುಂಚ ಹಿಡಿದವರ ಪಾಲು ದೊಡ್ಡದು.

ಅಲ್ಲಿಂದ ಮುಂದೆ ಬಂಡಾಯ್ ಎಂಜಿನಿಯರುಗಳು ಮಾಡಿದ್ದೆಲ್ಲ ಕಟ್ಟುವವನ ಕಷ್ಟವನ್ನು ಒಂದೊಂದಾಗಿ ಕಡಿಮೆ ಮಾಡುವ ಕೆಲಸ. ಮೊದಲು ಅಂಟು ಬೇಡವಾಯಿತು. ಮೊಳೆಯೂ ತೂತೂ ಎಷ್ಟು ಕರಾರುವಾಕ್ಕಾಗಿ ಹೊಂದಿದವೆಂದರೆ ಒತ್ತಿದರೆ ಸಾಕು, ಕೂಡಿಕೊಳ್ಳುತ್ತವೆ. ನಂತರ ಬಣ್ಣವೂ ಅಚ್ಚಿನಲ್ಲೇ ಬಂತು. ನಾಲ್ಕು ಬಣ್ಣದ ಪ್ಲಾಸ್ಟಿಕನ್ನು ಕರಗಿಸಿ ಒಂದೇ ಉಕ್ಕಿನ ಅಚ್ಚಿಗೆ ತಳ್ಳಿ, ಒಂದೇ ರನ್ನರಿನಲ್ಲಿ ಬಿಳಿ, ಕೆಂಪು, ನೀಲಿ, ಹಳದಿ ಭಾಗಗಳನ್ನು ತೆಗೆಯುವ ತಂತ್ರವನ್ನು 1990ರ ‘ಹೈ ಗ್ರೇಡ್’ ಗನ್‌ಡಮ್‌ನಲ್ಲಿ ಕಾಣಬಹುದಿತ್ತು. 1995ರಲ್ಲಿ ‘ಮಾಸ್ಟರ್ ಗ್ರೇಡ್’, 1998ರಲ್ಲಿ 30 ಸೆಂಟಿಮೀಟರ್ ಎತ್ತರದ ‘ಪರ್ಫೆಕ್ಟ್ ಗ್ರೇಡ್’ ಗನ್‌ಡಮ್ ಬಂದವು. 2010ರ ‘ರಿಯಲ್ ಗ್ರೇಡ್’ನಲ್ಲಂತೂ ಮೊಣಕೈ ಮೊಣಕಾಲಿನ ಕೀಲುಗಳು ಅಚ್ಚಿನೊಳಗೇ ಜೋಡಣೆಯಾಗಿ ಬರುತ್ತವೆ, ರನ್ನರಿನಿಂದ ಕತ್ತರಿಸಿ ತೆಗೆದ ಕೂಡಲೇ ಮಡಿಯುತ್ತವೆ. 2020ರ ‘ಎಂಟ್ರಿ ಗ್ರೇಡ್’ ಗನ್‌ಡಮ್‌ಗೆ ಕತ್ತರಿಯೂ ಬೇಡ, ಬೆರಳಲ್ಲಿ ಮುರಿದು ತೆಗೆಯಬಹುದು. ಬಂದಾಗ ತೆರಿಗೆ ಸೇರಿ ಅದರ ಬೆಲೆ 770 ಯೆನ್ ಇತ್ತು. ಅದಕ್ಕಿಂತ ನಲವತ್ತು ವರ್ಷ ಹಿಂದಿನ 300 ಯೆನ್ನಿನ ಬಿಳಿ ಪ್ಲಾಸ್ಟಿಕ್ಕಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಅಚ್ಚಿನ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂತೆಂದು ಗೊತ್ತಾಗುತ್ತದೆ.

ರಿಯಲ್ ಗ್ರೇಡ್ ಹುಟ್ಟಿದ್ದರ ಹಿಂದೆ ಸೊಗಸಾದ ತಿರುವೊಂದಿದೆ. 2009ರಲ್ಲಿ ಟೋಕಿಯೊದ ಒಡೈಬಾದಲ್ಲಿ 18 ಮೀಟರ್ ಎತ್ತರದ ಗನ್‌ಡಮ್ ಪ್ರತಿಮೆ ನಿಲ್ಲಿಸಿದರು. ಅಷ್ಟು ದೊಡ್ಡ ಮೈಗೆ ಬರೀ ಬಿಳಿ ಬಳಿದರೆ ಬೋಳಾಗಿ ಕಾಣುತ್ತದೆ. ಹಾಗಾಗಿ ಕವಚವನ್ನು ಹಲವು ಹಲಗೆಗಳಾಗಿ ಒಡೆದು, ಬಿಳಿಯಲ್ಲೇ ಬೇರೆಬೇರೆ ಛಾಯೆ ಕೊಟ್ಟು, ಎಚ್ಚರಿಕೆಯ ಸಣ್ಣ ಬರಹಗಳನ್ನು ಅಂಟಿಸಿದರು. ಮರುವರ್ಷ ಬಂದ ಅಂಗೈಯಗಲದ ರಿಯಲ್ ಗ್ರೇಡ್ ಕಿಟ್ ಆ ಪ್ರತಿಮೆಯ ವಿವರಗಳನ್ನೇ ಎರವಲು ಪಡೆಯಿತು.

ಇಷ್ಟೆಲ್ಲ ಆದಮೇಲೆ ಬಣ್ಣ ಬಳಿಯುವ ಅಗತ್ಯವೇ ಇಲ್ಲವಲ್ಲ ಎಂದು ಕೇಳಬಹುದು. ಅಗತ್ಯ ಇಲ್ಲ, ನಿಜ. ಬಣ್ಣ ಹಚ್ಚದೆ ಹಾಗೇ ಜೋಡಿಸುವುದನ್ನು ಜಪಾನಿನಲ್ಲಿ ‘ಸುಗುಮಿ’ ಎನ್ನುತ್ತಾರೆ, ಹಾಗೆ ಕಟ್ಟಿ ಸಂತೋಷಪಡುವವರು ಲಕ್ಷಾಂತರ. ಆದರೆ ಅಚ್ಚಿನಿಂದ ಬಂದ ಪ್ಲಾಸ್ಟಿಕ್ಕಿಗೆ ಒಂದು ಹೊಳಪಿರುತ್ತದೆ, ಮತ್ತು ಆ ಹೊಳಪು ನೋಡಿದ ಕಣ್ಣಿಗೆ ಇದು ಆಟಿಕೆ ಎಂದು ತಿಳಿಸಿಬಿಡುತ್ತದೆ. ಅದೇ ಕಿಟ್ಟಿಗೆ ಹೊಳಪು ತಗ್ಗಿಸುವ ಮ್ಯಾಟ್ ಟಾಪ್‌ಕೋಟ್ ಒಂದನ್ನು ಸಿಂಪಡಿಸಿದರೆ ಸಾಕು, ಪ್ಲಾಸ್ಟಿಕ್ ಇದ್ದಕ್ಕಿದ್ದಂತೆ ಲೋಹದ ತೂಕ ಪಡೆಯುತ್ತದೆ. ಇಡೀ ಹವ್ಯಾಸದಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವ ಕೆಲಸ ಇದೊಂದೇ.

ಅದಕ್ಕೂ ಮೊದಲು ಕತ್ತರಿಸುವುದನ್ನು ಕಲಿಯಬೇಕು. ಕಿಟ್ ಜೊತೆಗಿನ ಪುಸ್ತಕ ಜಪಾನಿ ಭಾಷೆಯದಾದರೂ ಚಿತ್ರಗಳಲ್ಲೇ ಇರುತ್ತದೆ. ರನ್ನರಿಗೊಂದು ಅಕ್ಷರ, ಭಾಗಕ್ಕೊಂದು ಸಂಖ್ಯೆ, ಅಷ್ಟು ಸಾಕು. ರನ್ನರಿಗೂ ಭಾಗಕ್ಕೂ ನಡುವಿನ ಸಣ್ಣ ಕೊಂಡಿಯೇ ಗೇಟ್. ಅದನ್ನು ನಿಪ್ಪರ್ ಎಂಬ ಸಣ್ಣ ಕತ್ತರಿಯಿಂದ ಭಾಗದ ಬುಡದಲ್ಲೇ ಕತ್ತರಿಸಿದರೆ ಪ್ಲಾಸ್ಟಿಕ್ ಹಿಂಸೆಗೊಂಡು ಅಲ್ಲಿ ಬಿಳಿಚಿಕೊಳ್ಳುತ್ತದೆ. ಕಡುನೀಲಿ, ಕಡುಗೆಂಪು ಭಾಗಗಳಲ್ಲಿ ಈ ಬಿಳಿ ಕಲೆ ದೂರದಿಂದಲೇ ಕಾಣುತ್ತದೆ. ಹಾಗಾಗಿ ಎರಡು ಸಲ ಕತ್ತರಿಸುವುದು ವಾಡಿಕೆ: ಮೊದಲು ದೂರದಲ್ಲಿ, ಭಾಗ ಕೈಗೆ ಬಂದಮೇಲೆ ಉಳಿದ ಮೋಟನ್ನು ಮೆಲ್ಲಗೆ. ಕೊನೆಯ ಕೂದಲೆಳೆಯಷ್ಟನ್ನು ಚಾಕುವಿನಲ್ಲಿ ಕೆರೆದು, ಬಡಗಿಗಳು ಉಪ್ಪುಕಾಗದ ಎನ್ನುವ ಮರಳುಕಾಗದದಲ್ಲಿ 400, 600, 800, 1000 ಎಂದು ನಯವಾಗುತ್ತ ಹೋಗಿ ಉಜ್ಜಬೇಕು. ಎರಡು ಅರೆಭಾಗ ಸೇರಿ ಆಗುವ ತೋಳಿನ ಮಧ್ಯೆ ಒಂದು ಗೆರೆ ಉಳಿಯುತ್ತದಲ್ಲ, ಅದನ್ನು ಅಳಿಸುವವರು ಅಂಚುಗಳಿಗೆ ದ್ರವದ ಅಂಟು ಸವರಿ ಒತ್ತುತ್ತಾರೆ. ಈ ಅಂಟು ಪ್ಲಾಸ್ಟಿಕನ್ನೇ ಕರಗಿಸಿ ಬೆಸೆಯುತ್ತದೆ. ಕರಗಿ ಉಬ್ಬಿದ್ದು ಗಟ್ಟಿಯಾಗಲು ಕೆಲವು ದಿನ ಬಿಟ್ಟು ಉಜ್ಜಿದರೆ ಗೆರೆ ಇತ್ತೆಂಬುದೇ ತಿಳಿಯದು. ಆತುರಪಟ್ಟು ಮರುದಿನವೇ ಉಜ್ಜಿದವರಿಗೆ ಒಂದು ವಾರದ ಬಳಿಕ ಅದೇ ಜಾಗದಲ್ಲಿ ಒಂದು ತಗ್ಗು ಕಾಣಿಸುತ್ತದೆ.

ಬಣ್ಣದ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಒಂದಿದೆ, ಅದನ್ನು ಅರಿಯದವರೇ ಹೆಚ್ಚು. 1/144ರ ಮಾದರಿಯಲ್ಲಿ ಒಂದು ಮಿಲಿಮೀಟರ್ ಎಂದರೆ ‘ನಿಜ’ದಲ್ಲಿ 14.4 ಸೆಂಟಿಮೀಟರ್. ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪಗೆ ಬಣ್ಣ ಮೆತ್ತಿದರೂ ಆ ದೈತ್ಯನ ಮೈಮೇಲೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪದ ಗಾರೆ ಬಳಿದಂತೆ. ಅಂಚಿನ ಬಣ್ಣ ಕಿತ್ತುಹೋದಂತೆ ತೋರಿಸಲು ಹಾಕಿದ ಎರಡು ಮಿಲಿಮೀಟರಿನ ಚುಕ್ಕೆ, ಒಂದು ಅಡಿಗೆ ಹತ್ತಿರದ ಗಾಯವಾಗಿ ಕಾಣುತ್ತದೆ. ಬಣ್ಣ ತೆಳುವಾಗಿರಬೇಕು, ಗುರುತು ಸಣ್ಣದಾಗಿರಬೇಕು ಎಂದು ಅನುಭವಿಗಳು ಹೇಳುವುದು ಈ ಲೆಕ್ಕದಿಂದ. ಒಂದೇ ಸಲಕ್ಕೆ ತುಂಬ ಬಳಿಯದೆ, ತಿಳಿಯಾಗಿಸಿದ ಬಣ್ಣವನ್ನು ಮೂರು ನಾಲ್ಕು ಪದರಗಳಲ್ಲಿ, ನಡುನಡುವೆ ಒಣಗಲು ಬಿಟ್ಟು ಹಚ್ಚಬೇಕು. ಅಡಿಯಲ್ಲಿ ಬೂದು ಪ್ರೈಮರ್ ಇದ್ದರೆ ಬಣ್ಣ ಹಿಡಿಯುತ್ತದೆ, ಗೀರು ಉಳಿದ ಜಾಗಗಳೂ ಆಗಲೇ ಕಣ್ಣಿಗೆ ಬೀಳುತ್ತವೆ. ಲೋಹದ ಬಣ್ಣ ಬೇಕೆನ್ನುವವರು ಅಡಿಗೆ ಹೊಳೆಯುವ ಕಪ್ಪನ್ನು ಬಳಿಯುತ್ತಾರೆ. ಬೆಳ್ಳಿಗೆ ಆಳ ಬರುವುದು ಆ ಕಪ್ಪಿನಿಂದ.

ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಒಳ್ಳೆಯ ಸಾಧನ, ಆದರೆ ಅದಿಲ್ಲದೆ ಶುರುಮಾಡಬಾರದು ಎಂಬ ನಂಬಿಕೆ ತಪ್ಪು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ, ಒಂದು ಒಳ್ಳೆಯ ಕುಂಚ, ಒದ್ದೆ ಬಟ್ಟೆ ಇಷ್ಟರಲ್ಲಿ ಮೊದಲ ಐದು ಕಿಟ್ ಕಳೆಯಬಹುದು. ಕವಚದ ಸಂದುಗಳಲ್ಲಿ ನೆರಳು ತುಂಬುವ ಕೆಲಸ ಕಲಿಯುವವರಿಗೆ ತುಂಬ ಹಿತವಾದದ್ದು: ತೀರ ತಿಳಿಯಾದ ಎನಾಮೆಲ್ ಬಣ್ಣದಲ್ಲಿ ಕುಂಚ ಅದ್ದಿ ಸಂದಿನ ಒಂದು ತುದಿಗೆ ಮುಟ್ಟಿಸಿದರೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ಸಂದು ತಾನೇ ಬಣ್ಣವನ್ನು ಎಳೆದುಕೊಂಡು ಉದ್ದಕ್ಕೂ ಹರಿಸುತ್ತದೆ. ಹೊರಗೆ ಚೆಲ್ಲಿದ್ದನ್ನು ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಇಲ್ಲೇ ಅಪಾಯವೂ ಇದೆ. ಈ ಥಿನ್ನರ್ ಬರಿಮೈ ಪ್ಲಾಸ್ಟಿಕ್ಕಿನ, ಅದರಲ್ಲೂ ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ ಭಾಗಗಳ, ಬಿಗಿಯಾಗಿ ಒತ್ತಿ ಕೂರಿಸಿದ ಕೀಲುಗಳ ಒಳಗೆ ಇಳಿದರೆ ಅವು ಬಿರುಕು ಬಿಟ್ಟು ಒಡೆಯುತ್ತವೆ. ಮೊದಲು ಬಣ್ಣದ ಅಥವಾ ಟಾಪ್‌ಕೋಟಿನ ಪದರವೊಂದು ಇರಲಿ, ಥಿನ್ನರ್ ಹನಿಯಷ್ಟೇ ಇರಲಿ.

ನಮ್ಮ ಕಡೆಯ ಹವ್ಯಾಸಿಗಳಿಗೆ ಇನ್ನೆರಡು ಎಚ್ಚರಿಕೆ ಅಗತ್ಯ. ಗ್ಯಾರೇಜಿನಲ್ಲಿ ಕಾರಿಗೆ ಬಳಸುವ ಎನ್‌ಸಿ ಥಿನ್ನರ್, ಉಗುರುಬಣ್ಣ ಅಳಿಸುವ ಅಸಿಟೋನ್ ಎರಡೂ ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕನ್ನು ಕರಗಿಸುತ್ತವೆ. ಅಗ್ಗವೆಂದು ಅವುಗಳಲ್ಲಿ ಮಾದರಿ ಒರೆಸಬಾರದು. ಇನ್ನೊಂದು ಮಳೆಗಾಲ. ಗಾಳಿಯಲ್ಲಿ ತೇವ ತುಂಬಿರುವಾಗ ಸ್ಪ್ರೇ ಮಾಡಿದರೆ ಆವಿಯಾಗುವ ದ್ರಾವಕ ಮೈಯನ್ನು ತಂಪಾಗಿಸಿ ತೇವವನ್ನು ಅಲ್ಲೇ ಹಿಡಿದಿಡುತ್ತದೆ, ಟಾಪ್‌ಕೋಟ್ ಬೂದಿ ಬಡಿದಂತೆ ಬೆಳ್ಳಗಾಗುತ್ತದೆ. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಆಷಾಢದ ಮಧ್ಯಾಹ್ನ ಸ್ಪ್ರೇ ಡಬ್ಬಿ ಹಿಡಿಯುವವರು ಮಳೆ ಬಿಟ್ಟು ಒಣ ಬಿಸಿಲು ಬೀಳುವವರೆಗೆ ತಡೆಯುವುದು ಲೇಸು. ಕಿಟಕಿ ತೆರೆದಿರಲಿ, ದ್ರಾವಕದ ಆವಿ ತಡೆಯುವ ಮಾಸ್ಕ್ ಮುಖದ ಮೇಲಿರಲಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಬೆಲೆಯ ಮಾತು ಬಿಡುವ ಹಾಗಿಲ್ಲ. ಭಾರತದಲ್ಲಿ ಆಮದು ಆಟಿಕೆಗಳ ಮೇಲಿನ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸುಂಕದ ಪಟ್ಟಿಯಲ್ಲಿ ಅಳತೆಗೆ ತಗ್ಗಿಸಿದ ಮಾದರಿಗಳೂ ಆಟಿಕೆಗಳ ಶೀರ್ಷಿಕೆಯಲ್ಲೇ ಬರುತ್ತವೆ. ಜಪಾನಿನ ಶಾಲಾ ಹುಡುಗ ಕೈಖರ್ಚಿನ ಕಾಸಲ್ಲಿ ಕೊಳ್ಳುವುದು ಬೆಂಗಳೂರಿನ ಹುಡುಗನಿಗೆ ಹುಟ್ಟುಹಬ್ಬದ ಉಡುಗೊರೆಯಾಗುವುದಕ್ಕೆ ಇದೂ ಒಂದು ಕಾರಣ. ದೇಶದ ಆಟಿಕೆ ಉದ್ಯಮವನ್ನು ಕಾಯಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಹದಿಹರೆಯದವರ ಕೈಗೆ ತಾಳ್ಮೆಯ ಕೆಲಸ ಕಲಿಸುವ ವಸ್ತುವೊಂದು ಅದೇ ಬುಟ್ಟಿಯಲ್ಲಿ ಬಿದ್ದು ದುಬಾರಿಯಾಗುವುದು ನ್ಯಾಯವಲ್ಲ.

1980ರಿಂದ ಇಲ್ಲಿಯವರೆಗೆ 70 ಕೋಟಿಗೂ ಹೆಚ್ಚು ಗನ್‌ಪ್ಲಾ ಕಿಟ್‌ಗಳು ಮಾರಾಟಕ್ಕೆ ಹೋಗಿವೆ. ಪ್ರತಿ ಕಿಟ್ಟಿನಲ್ಲೂ ಭಾಗಗಳನ್ನು ತೆಗೆದಮೇಲೆ ಖಾಲಿ ರನ್ನರ್ ಉಳಿಯುತ್ತದೆ. ಅಷ್ಟು ಪ್ಲಾಸ್ಟಿಕ್ ಕಸವಾಗುವುದು ಈ ಹವ್ಯಾಸದ ನಿಜವಾದ ಕಳಂಕ, ಮತ್ತು ಹವ್ಯಾಸವನ್ನು ಪ್ರೀತಿಸುವವರು ಇದನ್ನು ಒಪ್ಪಿಕೊಳ್ಳಲೇಬೇಕು. 2021ರಲ್ಲಿ ಬಂಡಾಯ್ ಸಮೂಹ ಜಪಾನಿನಲ್ಲಿ ಖಾಲಿ ರನ್ನರುಗಳನ್ನು ಸಂಗ್ರಹಿಸುವ ಡಬ್ಬಿಗಳನ್ನಿಟ್ಟು, ಅವನ್ನು ಮರುಬಳಸಿ ‘ಇಕೋಪ್ಲಾ’ ಕಿಟ್‌ಗಳನ್ನು ಮಾಡತೊಡಗಿತು. ಹಲವು ಬಣ್ಣ ಬೆರೆತ ಪ್ಲಾಸ್ಟಿಕ್ ಆದ್ದರಿಂದ ಅವು ಕಪ್ಪಾಗಿರುತ್ತವೆ.

ನಮ್ಮ ಊರುಗಳಲ್ಲಿ ಅಂಥ ಡಬ್ಬಿ ಇಲ್ಲ. ಆದರೆ ಮೊದಲ ಕಿಟ್ ಕಟ್ಟುವವರು ರನ್ನರನ್ನು ಬಿಸಾಡದೆ ಒಂದು ಕಡೆ ಎತ್ತಿಡಿ. ಭಾಗಗಳದೇ ಪ್ಲಾಸ್ಟಿಕ್, ಭಾಗಗಳದೇ ಬಣ್ಣ ಅದು. ಪ್ರೈಮರ್ ಹಿಡಿಯುತ್ತದೆಯೇ, ಥಿನ್ನರ್ ಕಚ್ಚುತ್ತದೆಯೇ, ನೀಲಿಯ ಮೇಲೆ ಹಳದಿ ನಿಲ್ಲಲು ಎಷ್ಟು ಪದರ ಬೇಕು ಎಂಬುದನ್ನೆಲ್ಲ ಅದರ ಮೇಲೆ ನೋಡಿಕೊಳ್ಳಿ. ರೋಬೋಟಿನ ಎದೆಗೆ ಕುಂಚ ಮುಟ್ಟಿಸುವುದು ಆಮೇಲಿರಲಿ.